ಶಿಂಷೆಯ ದಡದಲ್ಲಿ ಏರಿದ ಬಾವುಟ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೊರಟವರಿಗೆ ಮದ್ದೂರೆಂದೊಡನೆ ಮೊದಲು ನೆನಪಾಗುವುದು ಅಲ್ಲಿನ ವಡೆ. ನಿಲ್ದಾಣದಲ್ಲಿ ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಕೈಗಳು ಹೊರಚಾಚುತ್ತವೆ. ಆದರೆ ಆ ಊರಿನ ಮಗ್ಗುಲಲ್ಲಿಯೇ, ಶಿಂಷಾ ನದಿಯ ಸಮೀಪದಲ್ಲಿ, ಶಿವಪುರವೆಂಬ ಪುಟ್ಟ ಗ್ರಾಮವೊಂದು ಉಂಟು. ಮೈಸೂರು ಸಂಸ್ಥಾನದ ಪ್ರಜೆಗಳು ತಮ್ಮ ರಾಜ್ಯದ ಆಡಳಿತದಲ್ಲಿ ತಮಗೂ ಅಧಿಕಾರವಿರಬೇಕೆಂಬುದನ್ನು ಒಂದು ಬಾವುಟವನ್ನು ಏರಿಸಿ ಸಾರಿದ್ದು ಅಲ್ಲಿಯೇ. ಅದು 1938ರ ಏಪ್ರಿಲ್ ತಿಂಗಳ ಮಾತು.

ಅಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಮೈಸೂರು ಜಿಲ್ಲೆಗೆ ಸೇರಿದ್ದವು; ಹೊಸ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂದು, ರಾಗಿಯ ಹೊಲಗಳು ಕಬ್ಬು ಭತ್ತಗಳ ಗದ್ದೆಗಳಾಗಿ ಮಾರ್ಪಡುತ್ತಿದ್ದ ಕಾಲವದು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಿಂದ ಮಂಡ್ಯದ ಹೆಸರು ದೂರದೂರಕ್ಕೆ ಹಬ್ಬಿತ್ತು. ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು.

ಇಂತಹ ಸೀಮೆಯ ರೈತನಿಗೆ ಮಹಾರಾಜರ ಮೇಲೆ ದ್ವೇಷವಿರಲಿಲ್ಲ. ಗದ್ದೆಗೆ ನೀರು ತಂದುಕೊಟ್ಟ ದೊರೆಯನ್ನು ಅವನು ಭಕ್ತಿಯಿಂದಲೇ ಕಾಣುತ್ತಿದ್ದನು. ಹಾಗಿದ್ದೂ ಅವನು ಸರ್ಕಾರದ ಆಜ್ಞೆಯನ್ನು ಮೀರಿ ನಿಂತನು. ಏಕೆ? ಶಿವಪುರದ ಕಥೆಯ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಕೇಳುವ ಹಕ್ಕು, ಆಳುವ ಹಕ್ಕು

ಮೈಸೂರಿನ ಜನರಿಗೆ ಅಸಮಾಧಾನವೆಂಬುದು ಹೊಸದಾಗಿರಲಿಲ್ಲ. 1830-31ರ ನಗರ ದಂಗೆಯನ್ನೇ ನೆಪ ಮಾಡಿಕೊಂಡು ಇಂಗ್ಲಿಷರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡು ಐವತ್ತು ವರ್ಷ ಆಳಿದರು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ಜನರ ಪ್ರತಿನಿಧಿಗಳು ಅಲ್ಲಿ ತಮ್ಮ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳಬಹುದಾಗಿತ್ತು, ದಿವಾನರನ್ನು ಪ್ರಶ್ನಿಸಬಹುದಾಗಿತ್ತು. ಆದರೆ ದಿವಾನರನ್ನು ನೇಮಿಸುವ ಅಥವಾ ಇಳಿಸುವ ಅಧಿಕಾರ ಅವರಿಗಿರಲಿಲ್ಲ. ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೇ ಹೊರತು ಜನರಿಗಲ್ಲ. ಮಹಾರಾಜರ ಮೇಲೆ ಬ್ರಿಟಿಷ್ ಚಕ್ರಾಧಿಪತ್ಯದ ನೆರಳಿತ್ತು.

ಈ ಕೊರತೆಯನ್ನು ನೀಗಿಸಬೇಕೆಂಬ ಬೇಡಿಕೆಗೆ ‘ಜವಾಬ್ದಾರಿ ಸರ್ಕಾರ’ ಎಂಬ ಹೆಸರು ಬಂದಿತು. ಮೊದಲು ಕಾಂಗ್ರೆಸ್ ಪಟ್ಟಣದ ವಕೀಲರ, ವಿದ್ಯಾವಂತರ ಸಂಸ್ಥೆಯಾಗಿತ್ತು. ಹಳ್ಳಿಗಾಡಿನ ಒಕ್ಕಲು ಮಕ್ಕಳ ಮುಂದಾಳುಗಳು ಪ್ರಜಾಸಂಯುಕ್ತ ಪಕ್ಷದಲ್ಲಿದ್ದರು. 1937ರಲ್ಲಿ ಈ ಪಕ್ಷವು ಕಾಂಗ್ರೆಸ್ಸಿನಲ್ಲಿ ಬೆರೆತಾಗ ಪಟ್ಟಣದ ಮಾತಿಗೆ ಹಳ್ಳಿಯ ಬಲ ಕೂಡಿತು. ಮರುವರ್ಷ ಹರಿಪುರದಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಅಧಿವೇಶನವು, ದೇಶೀಯ ಸಂಸ್ಥಾನಗಳ ಹೋರಾಟವನ್ನು ಆಯಾ ಸಂಸ್ಥಾನದ ಪ್ರಜೆಗಳೇ ತಮ್ಮ ಹೆಗಲಿನ ಮೇಲೆ ಹೊರಬೇಕೆಂದು ತಿಳಿಸಿತು. ಮೈಸೂರಿನವರು ಆ ಹೊಣೆಯನ್ನು ಹೊರಲು ಸಿದ್ಧರಾದರು.

ಹೊಲದಲ್ಲಿ ಕೂಡಿದ ಮಹಾಸಭೆ

ಮೈಸೂರು ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನವನ್ನು ಪಟ್ಟಣದಲ್ಲಿ ನಡೆಸದೆ ಹಳ್ಳಿಯಲ್ಲಿ ನಡೆಸಬೇಕೆಂದು ನಿರ್ಧಾರವಾಯಿತು. ಶಿವಪುರದ ತಿರುಮಲೇಗೌಡರು ತಮ್ಮ ಜಮೀನನ್ನು ಬಿಟ್ಟುಕೊಟ್ಟರು. ಎಚ್. ಕೆ. ವೀರಣ್ಣಗೌಡರು ಸ್ವಾಗತದ ಹೊಣೆಯನ್ನು ಹೊತ್ತರು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರಾಗಿ ಬಂದರು.

ಸರ್ಕಾರಕ್ಕೆ ಸಭೆಗಿಂತಲೂ ಹೆಚ್ಚಾಗಿ ನುಂಗಲಾರದ ತುತ್ತಾದದ್ದು ಧ್ವಜ. ಗಂಡಭೇರುಂಡ ಲಾಂಛನದ ಸಂಸ್ಥಾನದಲ್ಲಿ ಚರಕದ ಚಿತ್ರವಿದ್ದ ತ್ರಿವರ್ಣ ಧ್ವಜ ಹಾರಿದರೆ ಅದು ರಾಜದ್ರೋಹವೆಂಬುದು ಅಧಿಕಾರಿಗಳ ಭಾವನೆ. ತಮ್ಮದು ರಾಜನ ಮೇಲಿನ ದ್ವೇಷವಲ್ಲ, ಇಡೀ ಭಾರತದೊಡನೆ ತಮಗಿರುವ ನಂಟು ಎಂಬುದು ಕಾಂಗ್ರೆಸ್ಸಿನವರ ಉತ್ತರ. ಜಿಲ್ಲಾ ಮ್ಯಾಜಿಸ್ಟ್ರೇಟರ ನಿಷೇಧಾಜ್ಞೆ ಹೊರಬಿದ್ದಿತು.

ಏಪ್ರಿಲ್ ಎರಡನೆಯ ವಾರದ ಉರಿಬಿಸಿಲಿನಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯಿಂದಲೂ ದೂರದ ಜಿಲ್ಲೆಗಳಿಂದಲೂ ಸಾವಿರಾರು ಜನರು ಸಾಗರದಂತೆ ಬಂದು ಸೇರಿದರು. ಆ ಜನಸ್ತೋಮದ ಎದುರಿನಲ್ಲಿ ಸಿದ್ಧಲಿಂಗಯ್ಯನವರು ಧ್ವಜವನ್ನು ಏರಿಸಿದರು, ಬಂಧಿತರಾದರು. ಎಂ. ಎನ್. ಜೋಯಿಸರೂ ಸೆರೆಯಾದರು. ಒಬ್ಬರು ಹೋದ ಕಡೆ ಇನ್ನೊಬ್ಬರು ಬಂದು ನಿಂತರು. ಯಶೋಧರಮ್ಮ ದಾಸಪ್ಪನವರಂತಹ ಮಹಿಳೆಯರೂ ಈ ಸತ್ಯಾಗ್ರಹದಲ್ಲಿ ಹಿಂದೆ ಸರಿಯಲಿಲ್ಲ. ಕೈಯೆತ್ತಿ ಹೊಡೆದವರಿಲ್ಲ, ಕಲ್ಲೆಸೆದವರಿಲ್ಲ. ಸಾಲದ ಭಯ, ಕಂದಾಯದ ಭಯ, ಪೊಲೀಸರ ಭಯಗಳಲ್ಲಿಯೇ ಬೆಳೆದ ಹಳ್ಳಿಗನು, ಸರ್ಕಾರ ಬೇಡವೆಂದ ಕೆಲಸವನ್ನು ಹಗಲು ಬೆಳಕಿನಲ್ಲಿ ಮಾಡಿ ತಲೆಯೆತ್ತಿ ನಿಲ್ಲಬಹುದೆಂಬುದನ್ನು ಅಲ್ಲಿ ಕಣ್ಣಾರೆ ಕಂಡನು.

ರಕ್ತದ ಬೆಲೆ

ಶಿವಪುರದ ಸುದ್ದಿ ಕಾಡುಗಿಚ್ಚಿನಂತೆ ಹಬ್ಬಿತು. ಊರೂರಿನಲ್ಲಿ ಧ್ವಜವೇರಿತು. ಎರಡು ವಾರ ಕಳೆಯುವುದರೊಳಗಾಗಿ, ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಇದೇ ಧ್ವಜದ ಸಲುವಾಗಿ ಕೂಡಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಎಣಿಕೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸರ್ಕಾರ ಸುಮಾರು 10 ಎಂದರೆ, ಜನರು 32 ಎಂದರು. ನಾಡೆಲ್ಲ ತಲ್ಲಣಿಸಿತು. ಗಾಂಧೀಜಿಯವರು ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳುಹಿಸಿದರು. ಮೇ ತಿಂಗಳಲ್ಲಿ ಪಟೇಲ್-ಮಿರ್ಜಾ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣವನ್ನೂ ಹಾರಿಸಲು ಅನುಮತಿಯಾಯಿತು.

ಬಾವುಟಕ್ಕೆ ಜಾಗ ಸಿಕ್ಕಿತಾದರೂ ಜನರಿಗೆ ಅಧಿಕಾರ ಸಿಕ್ಕಲಿಲ್ಲ. 1940ರ ಸುಧಾರಣೆಗಳು ಆ ಹಸಿವನ್ನು ಹಿಂಗಿಸಲಿಲ್ಲ. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕರೆಗೆ ಮೈಸೂರೂ ಓಗೊಟ್ಟಿತು. ಶಿವಮೊಗ್ಗ ಸೀಮೆಯ ಈಸೂರಿನ ಐವರು 1943ರಲ್ಲಿ ಗಲ್ಲಿಗೇರಿದರು.

ಸ್ವಾತಂತ್ರ್ಯದ ನಂತರದ ಹೋರಾಟ

1947ರ ಆಗಸ್ಟ್ 15ರಂದು ದೇಶವೆಲ್ಲ ಹಬ್ಬ ಮಾಡಿತು. ಶ್ರೀ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರಲು ಆ ಮೊದಲೇ ಒಪ್ಪಿದ್ದರು. ಆದರೆ ಮೈಸೂರಿನೊಳಗೆ ದಿವಾನ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ಮುಂದುವರಿದಿತ್ತು. ದೇಶಕ್ಕೆ ಬಂದ ಸ್ವಾತಂತ್ರ್ಯ ತಮ್ಮ ಹೊಸ್ತಿಲಿನಲ್ಲಿಯೇ ನಿಂತುಬಿಟ್ಟಿತಲ್ಲಾ ಎಂದು ಜನರು ಕಳವಳಪಟ್ಟರು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಕೆ. ಸಿ. ರೆಡ್ಡಿಯವರೇ ಮೊದಲಾದ ನಾಯಕರು ಸೆರೆಮನೆ ಸೇರಿದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಇಂದಿಗೂ ಅಲ್ಲಿನ ಒಂದು ವೃತ್ತಕ್ಕೆ ಅವನದೇ ಹೆಸರು.

ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು. ಆ ತಿಂಗಳ ಕೊನೆಯ ವಾರದಲ್ಲಿ ಕೆ. ಸಿ. ರೆಡ್ಡಿಯವರು ಮೈಸೂರಿನ ಮೊದಲನೆಯ ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಎಚ್. ಸಿ. ದಾಸಪ್ಪ, ಕೆ. ಟಿ. ಭಾಷ್ಯಂ ಮೊದಲಾದವರು ಮಂತ್ರಿಗಳಾದರು. ನಿನ್ನೆಯವರೆಗೆ ಸೆರೆಮನೆಯಲ್ಲಿದ್ದವರು ಇಂದು ಸರ್ಕಾರವಾದರು. 1950ರ ಜನವರಿ 26ರಂದು ಗಣರಾಜ್ಯದ ಸಂವಿಧಾನ ಜಾರಿಗೆ ಬಂದಾಗ ಮಹಾರಾಜರು ರಾಜಪ್ರಮುಖರಾದರು. ಶಿವಪುರದ ರೈತ ಮತದಾರನಾದನು.

ದೊರೆಯನ್ನು ಪ್ರೀತಿಸುತ್ತಿದ್ದವರು ಆಜ್ಞೆಯನ್ನು ಏಕೆ ಮೀರಿದರೆಂಬ ಪ್ರಶ್ನೆಗೆ ಉತ್ತರವಿಲ್ಲಿದೆ. ಒಳ್ಳೆಯ ದೊರೆ ನೀರು ಕೊಟ್ಟಾನು, ಬೆಳಕು ಕೊಟ್ಟಾನು. ಆದರೆ ಕೊಟ್ಟದ್ದನ್ನು ಪಡೆಯುವುದು ಬೇರೆ, ತಮ್ಮದನ್ನು ತಾವೇ ಆಳಿಕೊಳ್ಳುವುದು ಬೇರೆ. ಈ ವ್ಯತ್ಯಾಸವನ್ನು ಮಂಡ್ಯದ ಸೀಮೆಯ ಒಕ್ಕಲಿಗನು ಯಾವ ಗ್ರಂಥವನ್ನೂ ಓದದೆಯೇ ಅರಿತನು.

ಶಿವಪುರದಲ್ಲಿ ಈಗ ಸತ್ಯಾಗ್ರಹ ಸೌಧ ನಿಂತಿದೆ. ಮದ್ದೂರನ್ನು ದಾಟಿದ ಶಿಂಷೆ ಮಳವಳ್ಳಿಯ ಸೀಮೆಗಿಳಿದು, ಜಲಪಾತವಾಗಿ ಧುಮುಕಿ, ಕಾವೇರಿಯನ್ನು ಸೇರುತ್ತಾಳೆ. ಮಕ್ಕಳೊಡನೆ ಆ ದಾರಿಯಲ್ಲಿ ಸಾಗುವ ಸಂಸಾರಗಳು ವಡೆಯ ಪೊಟ್ಟಣ ಬಿಚ್ಚುವ ಮೊದಲು ಕ್ಷಣಕಾಲ ನಿಂತು, ಈ ಸಣ್ಣ ಊರಿನ ದೊಡ್ಡ ಕಥೆಯನ್ನು ಅವರಿಗೆ ಹೇಳಬಹುದು.