ಡಿವಿಡೆಂಡ್ ನಂಬಿ ಷೇರು ಕೊಳ್ಳುವ ಮುನ್ನ

2023ರ ಜೂನ್‌ನಲ್ಲಿ ಎಂಆರ್‌ಎಫ್ ಷೇರಿನ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಭಾರತದ ಷೇರುಪೇಟೆಯಲ್ಲಿ ಅಂಥದ್ದು ಅದೇ ಮೊದಲು. ಈ ಟೈರ್ ಕಂಪನಿ ಶೇ 30 ಮಧ್ಯಂತರ ಲಾಭಾಂಶ ಘೋಷಿಸಿದೆ ಎಂದು ಓದಿದವರು ಹುಬ್ಬೇರಿಸಬಹುದು. ಆದರೆ ಕೈಗೆ ಬರುವುದು ಷೇರಿಗೆ ಮೂರೇ ರೂಪಾಯಿ! ಘೋಷಣೆಯ ಶೇಕಡಾ ಲೆಕ್ಕ ನಡೆಯುವುದು ಹತ್ತು ರೂಪಾಯಿ ಮುಖಬೆಲೆಯ ಮೇಲೆ, ಕೊಂಡವರು ತೆತ್ತ ಬೆಲೆಯ ಮೇಲಲ್ಲ. ವರ್ಷಾಂತ್ಯದ ಲಾಭಾಂಶ ಇದಕ್ಕಿಂತ ಎಷ್ಟೋ ದೊಡ್ಡದು ನಿಜ. ಆದರೂ ಷೇರಿನ ಬೆಲೆಯ ಎದುರು ಅದು ಅರ್ಧ ಶೇಕಡಾ ಕೂಡ ಆಗುವುದಿಲ್ಲ.

ಹಾಗಾದರೆ ಬೆಲೆಗೆ ಹೋಲಿಸಿದಾಗ ಅತಿ ಹೆಚ್ಚು ಲಾಭಾಂಶ ಕೊಡುವ ಷೇರುಗಳನ್ನೇ ಆರಿಸಿಕೊಂಡರಾಯಿತಲ್ಲ ಎಂದು ನಿವೃತ್ತಿಯ ಹಣ ಹಿಡಿದು ಪೇಟೆಗೆ ಬರುವ ಅನೇಕರು ಯೋಚಿಸುತ್ತಾರೆ. ಎಡವುವುದು ಇಲ್ಲಿಯೇ.

ವೇದಾಂತ ಕಂಪನಿ 2022–23ರಲ್ಲಿ ಐದು ಕಂತುಗಳಲ್ಲಿ ಷೇರಿಗೆ ಒಟ್ಟು 101.50 ರೂಪಾಯಿ ಹಂಚಿತು. ಆ ಮಾರ್ಚ್ ಕೊನೆಯ ಬೆಲೆಗೆ ಹೋಲಿಸಿದರೆ ಅದು ಮೂರನೇ ಒಂದು ಭಾಗಕ್ಕೂ ಹೆಚ್ಚು. ಯಾವ ಬ್ಯಾಂಕ್ ಠೇವಣಿಯೂ ಕನಸಿನಲ್ಲೂ ಕೊಡದ ಆದಾಯ. ಮರುವರ್ಷ ಬಂದದ್ದು 29.50 ರೂಪಾಯಿ. ಗಣಿ ಮತ್ತು ಲೋಹದ ವ್ಯವಹಾರವೇ ಏರಿಳಿತದ್ದು. ಜೊತೆಗೆ ಆಗ ಲಂಡನ್ನಿನ ಮಾತೃಸಂಸ್ಥೆಯ ತಲೆಯ ಮೇಲೆ ದೊಡ್ಡ ಸಾಲವಿತ್ತು, ಅದಕ್ಕೂ ಹಣ ಬೇಕಿತ್ತು. 101 ರೂಪಾಯಿ ಪ್ರತಿವರ್ಷ ಬರುತ್ತದೆಂದು ಮನೆಖರ್ಚಿನ ಲೆಕ್ಕ ಹಾಕಿದವರ ಪಾಡು ಊಹಿಸಬಹುದು.

ಲಾಭಾಂಶ ಬಡ್ಡಿಯಂತೆ ಕರಾರಿನ ಹಣವಲ್ಲ. ಕೋವಿಡ್ ಬಂದಾಗ, 2020ರ ಏಪ್ರಿಲ್‌ನಲ್ಲಿ, 2019–20ರ ಲಾಭದಿಂದ ಲಾಭಾಂಶ ಹಂಚಬಾರದೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಹೇಳಿತು. ಬ್ಯಾಂಕ್ ಷೇರುಗಳನ್ನೇ ನೆಚ್ಚಿಕೊಂಡಿದ್ದವರ ವರಮಾನ ಒಂದು ಆದೇಶದಿಂದ ನಿಂತಿತು. ಸಾಫ್ಟ್‌ವೇರ್, ವಿದ್ಯುತ್, ದಿನಬಳಕೆ ವಸ್ತು, ಬ್ಯಾಂಕ್ ಎಂದು ಹಣವನ್ನು ಹಲವು ಉದ್ಯಮಗಳಿಗೆ ಹಂಚಿಡಬೇಕೆನ್ನುವುದು ಇದಕ್ಕೇ.

ಕಂಪನಿ ಲಾಭದಲ್ಲಿ ಎಷ್ಟು ಪಾಲು ಹಂಚುತ್ತಿದೆ, ಹಂಚುವ ಹಣ ವ್ಯಾಪಾರದಿಂದ ಬಂದದ್ದೋ ಸಾಲದಿಂದಲೋ, ಐದಾರು ವರ್ಷಗಳ ದಾಖಲೆ ಹೇಗಿದೆ: ಇವನ್ನು ವಾರ್ಷಿಕ ವರದಿಯಲ್ಲಿ ಹುಡುಕಿ ನೋಡಬೇಕು. ದೊಡ್ಡ ಸಾವಿರ ಕಂಪನಿಗಳು ತಮ್ಮ ಲಾಭಾಂಶ ನೀತಿಯನ್ನು ಪ್ರಕಟಿಸಲೇಬೇಕೆಂದು ಸೆಬಿ ನಿಯಮವಿದೆ. ಬೆಂಗಳೂರಿನ ಇನ್ಫೊಸಿಸ್ 2023–24ರಲ್ಲಿ 46 ರೂಪಾಯಿ, ಮರುವರ್ಷ 43 ರೂಪಾಯಿ ಕೊಟ್ಟಿತು. ಇಳಿದಂತೆ ಕಾಣುತ್ತದೆ. ಆದರೆ ಮೊದಲ ವರ್ಷದ 46ರಲ್ಲಿ 8 ರೂಪಾಯಿ ವಿಶೇಷ ಲಾಭಾಂಶ. ಅದನ್ನು ಕಳೆದರೆ 38 ಇದ್ದದ್ದು 43ಕ್ಕೆ ಏರಿದೆ. ಒಮ್ಮೆ ಬರುವ ಹಣವನ್ನು ನಿಯಮಿತ ವರಮಾನದಿಂದ ಬೇರೆಯಾಗಿ ಬರೆದಿಟ್ಟುಕೊಳ್ಳುವ ಅಭ್ಯಾಸ ಬೆಳೆಸಿಕೊಂಡವರಿಗೆ ಇಂಥ ಗೊಂದಲವಿಲ್ಲ.

ಲಾಭಾಂಶಕ್ಕೆಂದೇ, ಅದು ಯಾರಿಗೆ ಸಲ್ಲಬೇಕೆಂದು ನಿರ್ಧಾರವಾಗುವ ದಾಖಲೆ ದಿನದ ಹಿಂದಿನ ದಿನ ಷೇರು ಕೊಂಡು ಮರುದಿನ ಮಾರುವ ಉಪಾಯ ಕೆಲಸಕ್ಕೆ ಬಾರದು. ಹತ್ತು ರೂಪಾಯಿ ಲಾಭಾಂಶವಿದ್ದರೆ ಬೆಲೆಯೂ ಆ ದಿನ ಸಾಮಾನ್ಯವಾಗಿ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ, ಮೇಲಿಂದ ತೆರಿಗೆ. 2020ರ ಏಪ್ರಿಲ್‌ನಿಂದ ಲಾಭಾಂಶ ಷೇರುದಾರರ ಆದಾಯಕ್ಕೆ ಸೇರಿ ಅವರವರ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಒಳಪಡುತ್ತದೆ. ಒಂದೇ ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ಮೀರಿದರೆ ಶೇ 10 ಟಿಡಿಎಸ್ ಕಡಿತ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 5,000 ಇತ್ತು. ಶೇ 30ರ ಸ್ಲ್ಯಾಬಿನಲ್ಲಿರುವವರಿಗೆ ಲಾಭಾಂಶದ ಆಕರ್ಷಣೆ ಇಲ್ಲಿ ಬಹಳಷ್ಟು ಕರಗುತ್ತದೆ.

ಇಷ್ಟೆಲ್ಲ ನೋಡಿ ಆರಿಸಿದ ಷೇರಿನ ಹಣವೂ ಕೈತಪ್ಪುವುದುಂಟು. ಹಳೆಯ ಬ್ಯಾಂಕ್ ಖಾತೆ ಮುಚ್ಚಿರುತ್ತದೆ, ವಿಳಾಸ ಬದಲಾಗಿರುತ್ತದೆ, ಷೇರುದಾರರು ತೀರಿಕೊಂಡಿರುತ್ತಾರೆ. ಏಳು ವರ್ಷ ಯಾರೂ ಪಡೆಯದ ಲಾಭಾಂಶ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತದೆ. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳೂ ಅಲ್ಲಿಗೇ ವರ್ಗವಾಗುತ್ತವೆ. ಅದೃಷ್ಟವಶಾತ್ ಇದು ಮುಟ್ಟುಗೋಲಲ್ಲ. ಐಇಪಿಎಫ್-5 ಅರ್ಜಿ ಸಲ್ಲಿಸಿ ಹಕ್ಕುದಾರರು ಎರಡನ್ನೂ ಮರಳಿ ಪಡೆಯಬಹುದು. ಮನೆಯ ಕಪಾಟಿನಲ್ಲಿ ಅಪ್ಪನ ಅಥವಾ ಅಜ್ಜನ ಹೆಸರಿನ ಷೇರುಪತ್ರಗಳಿದ್ದರೆ ನಿಧಿಯ ಜಾಲತಾಣದಲ್ಲಿ ಅವರ ಹೆಸರು ಹುಡುಕಿ ನೋಡಿ. ನಿಮ್ಮ ಸ್ವಂತ ಡಿಮ್ಯಾಟ್ ಖಾತೆಯ ಬ್ಯಾಂಕ್ ವಿವರ ಮತ್ತು ನಾಮಿನಿ ಹೆಸರು ಸರಿಯಿದೆಯೇ ಎಂಬುದನ್ನೂ ಈ ವಾರವೇ ಪರಿಶೀಲಿಸಿ.