ಫ್ರೀಲ್ಯಾನ್ಸ್‌ನಲ್ಲಿ ಫ್ರೀ ಆಗಿರೋದು ಯಾರು?

ಫ್ರೀಲ್ಯಾನ್ಸ್ ಅಂದ್ರೆ ಆರಾಮ್ ಕೆಲಸ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಬಾಸ್ ಇಲ್ಲ, ಪಂಚಿಂಗ್ ಇಲ್ಲ, ಬೇಕಾದಾಗ ಕೆಲಸ, ಬೇಡವಾದಾಗ ರಜೆ. ಆದರೆ ನೀವು ಸಂಜೆ ನೋಡುವ ಬುಲೆಟಿನ್‌ನಲ್ಲಿ ಸಂಬಳದವರು ತೆಗೆದ ದೃಶ್ಯ ಎಷ್ಟು, ಹೊರಗಿನವರು ಕೊಟ್ಟದ್ದು ಎಷ್ಟು ಅನ್ನೋದು ತೆರೆ ಮೇಲೆ ಕಾಣೋದಿಲ್ಲ. ತಾಲ್ಲೂಕಿನ ಸ್ಟ್ರಿಂಗರ್, ಮನೆಯಲ್ಲೇ ಕೂತು ಎಡಿಟ್ ಮಾಡುವ ಹೆಣ್ಣುಮಗಳು, ವಾಯ್ಸ್ ಓವರ್ ಕೊಡುವವರು. ಸ್ಟುಡಿಯೋದಲ್ಲಿ ಕೂತ ನನ್ನ ಮುಖ ನಿಮಗೆ ಗೊತ್ತು, ಇವರದ್ದು ಗೊತ್ತಿಲ್ಲ.

ಆರ್.ಟಿ. ನಗರದಲ್ಲಿ ನನಗೆ ಪರಿಚಯದ ಒಬ್ಬ ಕ್ಯಾಮೆರಾಮನ್ ಇದ್ದಾರೆ. ಪಕ್ಕದ ಜೆ.ಸಿ. ನಗರದಲ್ಲೇ ದೂರದರ್ಶನ ಕೇಂದ್ರ. ಚಿಕ್ಕಂದಿನಲ್ಲಿ ಆ ಟವರ್ ನೋಡ್ತಾ ಟಿವಿ ಕೆಲಸದ ಕನಸು ಕಂಡವರು. ಎರಡು ಸಲ ಕಾಯಂ ನೌಕರಿ ಬಂದರೂ ಬೇಡ ಅಂದರು. ಯಾಕೆ ಅಂತ ಕೇಳಿದ್ರೆ, "ಸಾರ್, ಒಂದು ಚಾನೆಲ್ ಮುಚ್ಚಿದ್ರೆ ಅಲ್ಲಿರೋರ ಪೂರ್ತಿ ಸಂಬಳ ಹೋಗುತ್ತೆ. ನಂದು ಕಾಲು ಭಾಗ ಹೋಗುತ್ತೆ" ಅಂದರು. ಮಾತು ಸುಳ್ಳಲ್ಲ. ಸುದ್ದಿ ಇಲ್ಲದ ದಿನ ಕಂಪನಿ ವಿಡಿಯೋ, ಮುಹೂರ್ತದ ತಿಂಗಳಲ್ಲಿ ಮದುವೆ, ಊರ ಜಾತ್ರೆಗೆ ಯಾರನ್ನೂ ಕೇಳದೆ ಹೊರಡುವ ಸ್ವಾತಂತ್ರ್ಯ. ನನಗಂತೂ ಅದು ಇಲ್ಲ.

ಇನ್ನು ಕಷ್ಟ. ಪಿಎಫ್ ಇಲ್ಲ, ಇಎಸ್ಐ ಇಲ್ಲ, ಜ್ವರ ಬಂದ ದಿನ ಸಂಪಾದನೆ ಇಲ್ಲ. ಇದೆಲ್ಲ ನಿಮಗೆ ಗೊತ್ತಿರೋದೇ. ಗೊತ್ತಿಲ್ಲದ್ದು ಬೇರೆ ಇದೆ.

ಜೋರು ಮಳೆಗೆ ಹೆಬ್ಬಾಳದ ಕಡೆ ರಸ್ತೆ ಕೆರೆಯಾದ ಒಂದು ದಿನ ಈ ಮನುಷ್ಯ ಮೊಣಕಾಲು ನೀರಲ್ಲಿ ನಿಂತು ಶೂಟ್ ಮಾಡಿದರು. ದುಡ್ಡು ಸಿಕ್ಕಿದ್ದು ಒಂದು ಸಲ. ಆ ದೃಶ್ಯ ಮಾತ್ರ ಪ್ರತಿ ಮಳೆಗಾಲ ಬರ್ತಾನೇ ಇದೆ. ಅದು ಯಾರ ಆಸ್ತಿ?

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಉತ್ತರ ಒಂದು ಫೋನ್ ಕರೆ ಮೇಲೆ ನಿಂತಿದೆ. ಚಾನೆಲ್‌ನವರೇ ಕರೆ ಮಾಡಿ, "ಹೋಗಿ ಶೂಟ್ ಮಾಡ್ಕೊಂಡು ಬಾ, ಇಷ್ಟು ಕೊಡ್ತೀವಿ" ಅಂದಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಫೋಟೋ, ವಿಡಿಯೋ ಎರಡಕ್ಕೂ ದುಡ್ಡು ಕೊಟ್ಟವರೇ ಮೊದಲ ಒಡೆಯರು. ಇವರೇ ಸ್ವಂತವಾಗಿ ಶೂಟ್ ಮಾಡಿ, ಆಮೇಲೆ "ನನ್ನ ಹತ್ರ ಇದೆ, ಬೇಕಾ?" ಅಂತ ಕೇಳಿದ್ದರೆ ಒಡೆತನ ಇವರದ್ದೇ. ಅದು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ಒಪ್ಪಂದ ಆಗಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನ 5 ವರ್ಷ ಅಂತ ಲೆಕ್ಕ ಹಿಡಿಯುತ್ತೆ. ಲೇಖನ ಬರೆಯುವ ಫ್ರೀಲ್ಯಾನ್ಸರ್ ಇನ್ನೂ ಅದೃಷ್ಟವಂತರು: ಬರೆದುಕೊಡದ ಹೊರತು ಹಕ್ಕು ಲೇಖಕರ ಕೈಯಲ್ಲೇ ಉಳಿಯುತ್ತೆ. ಮಳೆಯಲ್ಲಿ ನೆನೆದವನಿಗೆ ಒಂದು ನ್ಯಾಯ, ಮೇಜಿನ ಮುಂದೆ ಕೂತವನಿಗೆ ಇನ್ನೊಂದು. ನನಗೆ ಇದು ಸರಿ ಕಾಣೋದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಆರ್.ಟಿ. ನಗರದ ಮನೆಮನೆಗೆ ಊಟ ತಲುಪಿಸುವ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು. ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಒಳ್ಳೆಯ ಕೆಲಸ. ಅದರ ಪಟ್ಟಿಯಲ್ಲಿ ಕಂಟೆಂಟ್ ಮತ್ತು ಮಾಧ್ಯಮ ಸೇವೆಯೂ ಇದೆ. ಆದರೆ ಕೆಲಸ ಪ್ಲಾಟ್‌ಫಾರ್ಮ್ ಮೂಲಕ ಬರಬೇಕು. ಪರಿಚಯದವರ ಫೋನ್‌ನಲ್ಲಿ ಕೆಲಸ ಹಿಡಿಯುವ ನಮ್ಮ ಕ್ಯಾಮೆರಾಮನ್ ಅದರೊಳಗೆ ಬರೋದಿಲ್ಲ.

ಹಾಗಾದ್ರೆ ದಾರಿಯೇ ಇಲ್ವಾ? ಒಂದಿದೆ, ಬಹಳ ಜನ ಬಳಸೋದಿಲ್ಲ. ಉದ್ಯಮ್ ಪೋರ್ಟಲ್‌ನಲ್ಲಿ ಸಣ್ಣ ಉದ್ದಿಮೆ ಅಂತ ನೋಂದಣಿ ಉಚಿತ. ಹಾಗೆ ಮೊದಲೇ ನೋಂದಾಯಿಸಿಕೊಂಡವರ ಬಿಲ್ಲನ್ನು, 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ಇಟ್ಕೊಳ್ಳೋ ಹಾಗಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗೇನೇ, ಬಿಲ್ಲಿನಿಂದ ಶೇಕಡಾ 10 ಟಿಡಿಎಸ್ ಕತ್ತರಿಸಿದ್ದರೆ, ಆದಾಯ ತೆರಿಗೆ ಮಿತಿಗಿಂತ ಕೆಳಗಿದ್ದವರು ರಿಟರ್ನ್ ಸಲ್ಲಿಸಿ ವಾಪಸ್ ಪಡೀಬಹುದು. ರಿಟರ್ನ್ ಹಾಕದೇ ಬಿಟ್ಟುಬಿಡೋರೂ ಇದ್ದಾರೆ.

ಸರಿ, ನಾಳೆ ಕೆಲಸಕ್ಕೆ ಕರೆಯಬೇಕಾದವರ ಮೇಲೆ ಇವತ್ತು ದೂರು ಕೊಡೋರು ಯಾರು? ಈ ಪ್ರಶ್ನೆಗೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಆರ್.ಟಿ. ನಗರದ ಕ್ಯಾಮೆರಾಮನ್ ಈಗ ಮನೆ ಬಿಡೋ ಮೊದಲು ವಾಟ್ಸಾಪ್‌ನಲ್ಲಿ ಮೂರು ಸಾಲು ಕಳಿಸ್ತಾರೆ: ದಿನಕ್ಕೆ ಎಷ್ಟು, ಹಣ ಯಾವಾಗ, ದೃಶ್ಯ ಎಷ್ಟು ಸಲ ಬಳಸಬಹುದು. ಕಳೆದ ತಿಂಗಳು ನಾಲ್ಕು ಕಡೆ ಕಳಿಸಿದರಂತೆ. ಮೂರು ಕಡೆಯಿಂದ "ಓಕೆ" ಬಂತು. ನಾಲ್ಕನೆಯವರು ಕೆಲಸವನ್ನು ಬೇರೆಯವರಿಗೆ ಕೊಟ್ಟರು.