ಇಂಗ್ಲಿಷ್ ಎಂ.ಎ. ಓದಿದರೆ ಕನ್ನಡಕ್ಕೆ ನಷ್ಟವೇ?

ಮಹಾನಗರದ ಸಂಘ-ಸಂಸ್ಥೆಗಳ ಪ್ರತಿಭಾ ಪುರಸ್ಕಾರ ಸಮಾರಂಭಗಳಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ಸಿ.ಎ. ಓದುವ ಮಕ್ಕಳಿಗೆ ಭಾರೀ ಚಪ್ಪಾಳೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಆರಿಸಿಕೊಂಡವರಿಗೆ ಮಾತ್ರ ಶಾಲಿನ ಜೊತೆಗೆ ಎರಡು ಪ್ರಶ್ನೆಗಳೂ ಸಿಗುತ್ತವೆ. ಮುಂದೆ ಕೆಲಸವೇನು? ಇಂಗ್ಲಿಷನ್ನೇ ಓದಿದರೆ ಕನ್ನಡದ ಗತಿಯೇನು?

ಮೊದಲು ಕೆಲಸದ ಮಾತು. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಇಂಗ್ಲಿಷ್ ಮತ್ತು ಭಾಷಾವಿಜ್ಞಾನ ವಿಭಾಗಗಳು ಬೇರೆ ಬೇರೆ ಇವೆ. ಕನ್ನಡ ವಿಭಾಗವೂ ಅಲ್ಲೇ ಇದೆ. ಹಗಲು ದುಡಿಯುವವರು ಇಗ್ನೋ ಮೂಲಕ ದೂರಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ. ಮಾಡಬಹುದು. ಕಾಲೇಜು ಉಪನ್ಯಾಸಕರಾಗ ಬಯಸುವವರಿಗೆ ಇಂಗ್ಲಿಷ್, ಭಾಷಾವಿಜ್ಞಾನ ಎರಡರಲ್ಲೂ ನೆಟ್ ಪರೀಕ್ಷೆಯಿದೆ. ಬ್ಯಾಂಕ್ ಗುಮಾಸ್ತ ಹುದ್ದೆಯ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ, ಅದರಲ್ಲಿ ಇಂಗ್ಲಿಷಿಗೂ ಅಂಕಗಳಿವೆ. ಇಂಜಿನಿಯರನ ಸಂಬಳ ಮೊದಲ ದಿನವೇ ಬಾರದು, ನಿಜ. ಆದರೆ ದಾರಿ ಮುಚ್ಚಿಲ್ಲ.

ಸಾಹಿತ್ಯ ವಿಭಾಗದಲ್ಲಿ ಕವಿತೆ, ನಾಟಕ, ಕಾದಂಬರಿಗಳ ಅಧ್ಯಯನ. ಭಾಷಾವಿಜ್ಞಾನದಲ್ಲಿ ಭಾಷೆಯೇ ಪಾಠ. ತುಳುವಿನ ‘ಪೂ’ ಕನ್ನಡದಲ್ಲಿ ‘ಹೂ’, ತುಳುವಿನ ‘ಪಿಲಿ’ ಕನ್ನಡದಲ್ಲಿ ‘ಹುಲಿ’. ಹಳಗನ್ನಡದಲ್ಲಿ ಇವು ‘ಪೂ’, ‘ಪುಲಿ’ಗಳೇ ಆಗಿದ್ದವು. ಸಂಸ್ಕೃತದ ‘ಪಿತೃ’, ಲ್ಯಾಟಿನ್ನಿನ ‘ಪಾತೆರ್’ ಇರುವಲ್ಲಿ ಇಂಗ್ಲಿಷಿನಲ್ಲಿ ‘ಫಾದರ್’. ಇಂತಹ ಬದಲಾವಣೆಗಳ ನಿಯಮವನ್ನು ಹುಡುಕುವ ಶಾಸ್ತ್ರವಿದು. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ ಆಡುವ ನಮ್ಮ ಮಕ್ಕಳಿಗೆ ಇದರ ಅರ್ಧ ಸಾಮಗ್ರಿ ಮನೆಯಲ್ಲೇ ಸಿಕ್ಕಿದೆ.

ಇನ್ನು ಕನ್ನಡದ ಗತಿ. ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಕಾಲದಲ್ಲಿ ಅಲ್ಲಿ ಓದಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲೂ ಇಂಗ್ಲಿಷ್ ಸಾಹಿತ್ಯವನ್ನೇ ಅಭ್ಯಸಿಸಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತ ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದರು.

ನಮ್ಮ ನಗರಕ್ಕೆ ಇನ್ನೂ ಹತ್ತಿರದ ಉದಾಹರಣೆ ತೇಜಸ್ವಿನಿ ನಿರಂಜನ. ಸಾಹಿತಿಗಳಾದ ನಿರಂಜನ ಮತ್ತು ಅನುಪಮಾ ನಿರಂಜನ ದಂಪತಿಯ ಪುತ್ರಿಯಾದ ಇವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ., ಪುಣೆಯಲ್ಲಿ ಭಾಷಾವಿಜ್ಞಾನದಲ್ಲಿ ಎಂ.ಫಿಲ್. ಪಡೆದರು. ಮುಂಬಯಿಯಲ್ಲಿ ದೀರ್ಘಕಾಲ ದುಡಿದ ಜಯಂತ ಕಾಯ್ಕಿಣಿಯವರ ಕತೆಗಳನ್ನು ಇವರು ಅನುವಾದಿಸಿದ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಸಂಕಲನಕ್ಕೆ 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಸಂದಿತು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ಅದರ 50,000 ಪೌಂಡ್ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮನಾಗಿ ಹಂಚಿಕೊಂಡರು.

ಇವರೆಲ್ಲರಿಗೂ ಇಂಗ್ಲಿಷ್ ಜೊತೆಗೆ ಕನ್ನಡ ಓದಲು ಬರುತ್ತಿತ್ತು ಎಂಬುದೇ ಮುಖ್ಯ. ಉಪನಗರಗಳಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅವರು ಇಂಗ್ಲಿಷಿನಲ್ಲಿ ಚಿನ್ನದ ಪದಕ ಗೆದ್ದರೂ ಕಾಯ್ಕಿಣಿಯವರನ್ನು ಮೂಲದಲ್ಲಿ ಓದಲಾರರು, ಅನುವಾದಿಸಲೂ ಆರರು. ಕೊರತೆ ಇರುವುದು ಇಂಗ್ಲಿಷ್ ಓದಿನಲ್ಲಲ್ಲ, ಮನೆಯಲ್ಲಿ ತಿದ್ದಿಸದ ಅಕ್ಷರಮಾಲೆಯಲ್ಲಿ.

ವಿದ್ಯಾರ್ಥಿವೇತನ ನೀಡುವ ಸಂಘಗಳು ಇಂಗ್ಲಿಷ್ ಮತ್ತು ಭಾಷಾವಿಜ್ಞಾನ ವಿದ್ಯಾರ್ಥಿಗಳನ್ನೂ ಪಟ್ಟಿಗೆ ಸೇರಿಸಲಿ. ಭಾನುವಾರ ಒಂದು ಗಂಟೆ ಅದೇ ಮಕ್ಕಳಿಗೆ ಸಂಘದ ಕಚೇರಿಯಲ್ಲಿ ಕನ್ನಡ ಓದು-ಬರಹ ಕಲಿಸಲಿ. ಕಪ್ಪುಹಲಗೆ, ನಾಲ್ಕು ಕುರ್ಚಿ, ಕಲಿಸಬಲ್ಲ ಹಿರಿಯ ಸದಸ್ಯರು ಬಹುತೇಕ ಸಂಘಗಳಲ್ಲಿ ಈಗಾಗಲೇ ಇದ್ದಾರೆ. ಬರುವ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕಾಗಿದೆ.